ಹೂದಾನಿಗೆ ಮೊದಲು ಬಕೆಟ್

ಬೆಳಿಗ್ಗೆ ಹತ್ತಕ್ಕೆ ಕೊಯ್ದು ಹೂದಾನಿಗೆ ಸಿಕ್ಕಿಸಿದ ಜಿನ್ನಿಯಾ ಸಂಜೆಯೊಳಗೆ ಕತ್ತು ಬಾಗಿಸಿತೇ? ನೀವು ಜೋಡಿಸಿದ್ದರಲ್ಲಿ ತಪ್ಪಿಲ್ಲ. ಕೊಯ್ದ ಹೊತ್ತು ಸರಿಯಿರಲಿಲ್ಲ.

ಬಿಸಿಲೇರುವ ಮುಂಚೆಯೇ ತೋಟಕ್ಕಿಳಿಯಿರಿ. ರಾತ್ರಿಯಿಡೀ ನೀರು ಹೀರಿದ ದಂಟು ಆಗ ಬಿಗಿಯಾಗಿರುತ್ತದೆ. ಕೈಯಲ್ಲಿ ಹರಿತವಾದ ಕತ್ತರಿ, ಪಕ್ಕದಲ್ಲಿ ಅರ್ಧ ಬಕೆಟ್ ನೀರು ಇರಲಿ. ಕತ್ತರಿಸಿದ ಹೂ ತಕ್ಷಣ ಬಕೆಟ್ಟಿಗೆ ಇಳಿಯಬೇಕು. ತಡಮಾಡಿದರೆ ದಂಟಿನ ನಾಳಗಳಿಗೆ ಗಾಳಿ ನುಗ್ಗಿ ನೀರಿನ ದಾರಿ ಕಟ್ಟಿಕೊಳ್ಳುತ್ತದೆ.

ಹದ ಒಂದೊಂದು ಹೂವಿಗೂ ಬೇರೆ. ಡೇಲಿಯಾದ ಮೊಗ್ಗು ಕೊಯ್ದ ಮೇಲೆ ಅರಳುವುದು ಕಷ್ಟ, ಗಿಡದಲ್ಲೇ ಪೂರ್ತಿ ಬಿರಿಯಲಿ. ಜಿನ್ನಿಯಾಕ್ಕೆ ಒಂದು ಪರೀಕ್ಷೆಯಿದೆ: ಹೂವಿನಿಂದ ಗೇಣುದ್ದ ಕೆಳಗೆ ದಂಟು ಹಿಡಿದು ಮೆಲ್ಲಗೆ ಅಲುಗಿಸಿ. ತಲೆ ತೊನೆದಾಡಿದರೆ ಇನ್ನೂ ಎಳತು, ಬಿಟ್ಟುಬಿಡಿ; ನೆಟ್ಟಗೆ ನಿಂತರೆ ಕೊಯ್ಯಿರಿ. ಗ್ಲಾಡಿಯೋಲಸ್ ಇದಕ್ಕೆ ತದ್ವಿರುದ್ಧ. ಬುಡದ ಒಂದೆರಡು ಮೊಗ್ಗು ಬಣ್ಣ ತೋರಿಸಿದರೆ ಸಾಕು, ಉಳಿದವು ಹೂದಾನಿಯಲ್ಲೇ ಒಂದೊಂದಾಗಿ ಅರಳುತ್ತವೆ. ಅದನ್ನು ಅಡ್ಡ ಮಲಗಿಸಿಡಬೇಡಿ, ತುದಿ ಮೇಲಕ್ಕೆ ಡೊಂಕಾಗುತ್ತದೆ.

ಮನೆಯೊಳಗೆ ಬಂದ ಮೇಲೆ ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ಕಿತ್ತುಹಾಕಿ. ಚೆಂಡುಹೂವಿನ ಎಲೆ ಕೊಳೆತ ನೀರಿನ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಈ ಮಾತನ್ನು ಮತ್ತೆ ಹೇಳಬೇಕಾಗಿಲ್ಲ! ದಂಟಿನ ತುದಿಯನ್ನು ಓರೆಯಾಗಿ ಕತ್ತರಿಸಿ, ಕತ್ತಿನವರೆಗೂ ನೀರಿನಲ್ಲಿಟ್ಟು, ತಂಪಾದ ಕತ್ತಲ ಮೂಲೆಯಲ್ಲಿ ಮೂರು ನಾಲ್ಕು ಗಂಟೆ ಬಿಡಿ. ಈ ವಿಶ್ರಾಂತಿಯನ್ನೇ ಹೆಚ್ಚಿನವರು ತಪ್ಪಿಸುವುದು.

ಇನ್ನು ಜೋಡಣೆ. ಹೂದಾನಿಯನ್ನು ಸೋಪು ಹಾಕಿ ತೊಳೆಯಿರಿ. ಬಾಯಿ ಅಗಲವಾಗಿದ್ದರೆ ಪಾರದರ್ಶಕ ಟೇಪನ್ನು ಅಡ್ಡಡ್ಡ, ಉದ್ದುದ್ದ ಅಂಟಿಸಿ ಚೌಕುಳಿ ಮಾಡಿಕೊಳ್ಳಿ. ಹೂಗಳು ಒಂದೇ ಕಡೆ ವಾಲುವುದಿಲ್ಲ. ಮೊದಲು ಎಲೆಗೊಂಚಲು, ಆಮೇಲೆ ಸೂರ್ಯಕಾಂತಿಯಂಥ ದೊಡ್ಡವು ತಗ್ಗಿನಲ್ಲಿ, ಕೊನೆಗೆ ಕಾಸ್ಮಾಸ್‌ನಂಥ ಹಗುರ ಹೂ ಎಲ್ಲಕ್ಕಿಂತ ಮೇಲೆ. ಅತಿ ಎತ್ತರದ ದಂಟು ಹೂದಾನಿಯ ಒಂದೂವರೆಪಟ್ಟು ಇದ್ದರೆ ಕಣ್ಣಿಗೆ ಹಿತ. ಎಲ್ಲವನ್ನೂ ಒಂದೇ ಮಟ್ಟಕ್ಕೆ ಕತ್ತರಿಸಿದರೆ ಮಾತ್ರ ಬ್ರಷ್‌ನಂತೆ ಕಾಣುತ್ತದೆ. ನಡುನಡುವೆ ಹೂದಾನಿ ತಿರುಗಿಸಿ ನೋಡುತ್ತಿರಿ.

ನೀರಿಗೆ ಸಕ್ಕರೆ ಹಾಕುವವರಿದ್ದಾರೆ. ಸಕ್ಕರೆ ಹೂವಿಗೆ ಆಹಾರವೇ ಸರಿ, ಆದರೆ ಬ್ಯಾಕ್ಟೀರಿಯಾಕ್ಕೂ ಹಬ್ಬ. ಅದಕ್ಕಿಂತ ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ದಂಟಿನ ತುದಿ ಒಂದಿಷ್ಟು ಕತ್ತರಿಸುವುದು ನನಗೆ ಮೆಚ್ಚು. ಹಣ್ಣಿನ ಬುಟ್ಟಿಯ ಪಕ್ಕ ಮಾತ್ರ ಇಡಬೇಡಿ. ಮಾಗುವ ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಅನೇಕ ಹೂಗಳು ಬೇಗ ಬಾಡುತ್ತವೆ. ಬಾಡಿದ್ದನ್ನು ಆಗಾಗ ತೆಗೆಯುತ್ತ ಹೋಗಿ. ಕೊನೆಗೆ ಉಳಿಯುವ ಎರಡು ಮೂರು ಜಿನ್ನಿಯಾಗಳಿಗೆ ದಂಟು ಗಿಡ್ಡ ಮಾಡಿದರೆ ಒಂದು ಲೋಟ ಸಾಕು.