ಈ ಹುಡುಗ ಆಟದಲ್ಲೇ ಮುಂದೆ ಬರ್ತಾನಾ? ನಾನು ನೋಡಿದ ರೀತಿ

ಈ ಜೂನ್‌ನಲ್ಲಿ ಮಂಡ್ಯ ಕಡೆಯ ಒಬ್ಬರು ಮಗನನ್ನು ಕರೆದುಕೊಂಡು ನಮ್ಮ ಬಾಸ್ಕೆಟ್‌ಬಾಲ್ ಕೋರ್ಟಿಗೆ ಬಂದರು. ಹುಡುಗನಿಗೆ 17 ವರ್ಷ, 6 ಅಡಿ 4 ಇಂಚು ಎತ್ತರ, ಫಾರ್ವರ್ಡ್. ಆಗಷ್ಟೇ ಸೆಕೆಂಡ್ ಪಿಯು ಶುರುವಾಗಿತ್ತು. "ಸರ್, ಇವನು ಆಟದಲ್ಲೇ ಮುಂದೆ ಬರ್ತಾನಾ, ಒಂದು ಮಾತು ಹೇಳ್ಬಿಡಿ. ಇಲ್ಲಾಂದ್ರೆ ಸಿಇಟಿ ಕೋಚಿಂಗಿಗೆ ಸೇರಿಸ್ತೀನಿ" ಅಂದರು. ಎರಡು ತಿಂಗಳು ಟೈಮ್ ಕೊಡಿ ಅಂದೆ.

ಮುಂಚೆ ಆಗಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದೆ. ಕೆಲವು ವರ್ಷದ ಹಿಂದೆ 14 ವರ್ಷದ ಹುಡುಗನೊಬ್ಬನ ಎತ್ತರ ನೋಡಿ, ಇವನು ದೊಡ್ಡ ಆಟಗಾರ ಆಗ್ತಾನೆ ಅಂತ ಮನೆಯವರಿಗೆ ಹೇಳಿದ್ದೆ. ಅವನಿಗೆ ಆಗಲೇ ಮೀಸೆ ಬಂದಿತ್ತು, ದನಿ ಒಡೆದಿತ್ತು. ಬೆಳವಣಿಗೆ ಬೇಗ ಬಂದು ಬೇಗ ಮುಗಿಯುತ್ತಿದೆ ಅಂತ ನನಗೆ ಹೊಳೆಯಲಿಲ್ಲ. ಅವನು ಅಷ್ಟಕ್ಕೇ ನಿಂತ, ಜೊತೆಯವರೆಲ್ಲ ದಾಟಿ ಹೋದರು. ಆ ಮನೆಯವರ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ. ಹಾಗಾಗಿ ಈಗ ಮೊದಲು ಕೇಳುವುದು ಹುಟ್ಟಿದ ತಿಂಗಳು, ಅಪ್ಪ ಅಮ್ಮನ ಎತ್ತರ, ಯಾವ ವರ್ಷ ಜಾಸ್ತಿ ಬೆಳೆದ ಅನ್ನೋದು. ಆಮೇಲೆ ಗೋಡೆಗೆ ನಿಲ್ಲಿಸಿ ಕೈ ಎಲ್ಲಿಗೆ ಮುಟ್ಟುತ್ತೆ ಅಂತ ಅಳೆಯುತ್ತೇನೆ. ಈ ಹುಡುಗನದು 8 ಅಡಿ 6 ಇಂಚು. ರಿಂಗ್ ಇರುವುದು 10 ಅಡಿಯಲ್ಲಿ. ಶಾಟ್ ತಡೆಯುವುದು, ರೀಬೌಂಡ್ (ಬೀಳದೆ ಪುಟಿದು ಬಂದ ಚೆಂಡು) ಹಿಡಿಯುವುದು ಎಲ್ಲಾ ಕೈಯೇ ಅಲ್ವಾ, ತಲೆ ಎಲ್ಲಿದೆ ಅನ್ನೋದರಿಂದ ಏನಾಗಬೇಕು?

ಅವನ ಐದು ಮ್ಯಾಚ್ ನೋಡಿದೆ. ಮೊದಲನೆಯದನ್ನು ಎಲ್ಲರ ಹಾಗೆ ನೋಡಿದೆ, 22 ಪಾಯಿಂಟ್ ಹೊಡೆದ, ಚಪ್ಪಾಳೆಯೋ ಚಪ್ಪಾಳೆ. ಎರಡನೆಯದರಿಂದ ಚೆಂಡು ನೋಡುವುದನ್ನು ಬಿಟ್ಟು ಅವನನ್ನೇ ನೋಡಿದೆ. ಇದು ಕಷ್ಟ, ಕಣ್ಣು ತಾನಾಗಿ ಚೆಂಡಿನ ಹಿಂದೆ ಓಡುತ್ತದೆ. ಆದರೆ 40 ನಿಮಿಷದ ಆಟದಲ್ಲಿ ಫಾರ್ವರ್ಡ್ ಕೈಯಲ್ಲಿ ಚೆಂಡು ಇರುವುದು ಕೆಲವೇ ನಿಮಿಷ.

ನೋಟ್‌ಬುಕ್‌ನಲ್ಲಿ ಒಂದೊಂದು ಬಾಸ್ಕೆಟ್ಟನ್ನೂ ಗುರುತು ಹಾಕಿಕೊಂಡೆ. ಐದು ಮ್ಯಾಚಿನಲ್ಲಿ ಒಟ್ಟು 38. ಅದರಲ್ಲಿ 31 ರಿಂಗಿನ ಕೆಳಗೆ ನಿಂತು, ಕುಳ್ಳಗಿರುವ ಹುಡುಗರ ತಲೆ ಮೇಲಿಂದ ಹಾಕಿದ್ದು. ನಮ್ಮ ಸ್ಕೂಲು ಕಾಲೇಜುಗಳಲ್ಲಿ ಇದೇ ನಡೆಯುತ್ತದೆ: ಹುಡುಗ ಉದ್ದ ಇದ್ದಾನಾ, ಹೋಗಿ ರಿಂಗಿನ ಕೆಳಗೆ ನಿಂತ್ಕೋ. ಟೀಮ್ ಗೆಲ್ಲುತ್ತೆ, ಹುಡುಗ ಡ್ರಿಬಲ್, ಅಂದರೆ ಚೆಂಡು ಪುಟಿಸುತ್ತಾ ಓಡುವುದು, ಕಲಿಯುವುದೇ ಇಲ್ಲ. ನಾಳೆ ಸೀನಿಯರ್ ಟೀಮಿಗೆ ಹೋದರೆ ಆ ಜಾಗದಲ್ಲಿ 6 ಅಡಿ 8 ಇಂಚಿನವರು ನಿಂತಿರುತ್ತಾರೆ, ಇವನು ಹೊರಗೆ ಬಂದು ರಿಂಗಿಗೆ ಮುಖ ಮಾಡಿ ಆಡಬೇಕಾಗುತ್ತದೆ, ಆಗ ಈ 31ರಲ್ಲಿ ಒಂದೂ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಉಳಿದ 7 ಬಾಸ್ಕೆಟ್ಟನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡಿದೆ. ಎಲ್ಲಾ ಬಲಗೈಯಲ್ಲೇ. ಎಡಗಡೆ ಹೋದಾಗಲೂ ಚೆಂಡನ್ನು ಬಲಗೈಗೆ ತಂದುಕೊಂಡೇ ಹಾಕಿದ್ದಾನೆ.

ನನ್ನ ಮನಸ್ಸು ಬದಲಾಗಿದ್ದು ನಾಲ್ಕನೇ ಮ್ಯಾಚಿನಲ್ಲಿ. ಎದುರು ಟೀಮಿನ ಶೂಟರ್‌ಗೆ ಮೂಲೆಯಲ್ಲಿ ಚೆಂಡು ಸಿಕ್ಕಿತು. ನಮ್ಮವನು ರಿಂಗಿನ ಕೆಳಗಿಂದ ಓಡಿದ. ಕೊನೆಯ ಎರಡು ಮೀಟರ್‌ನಲ್ಲಿ ಹೆಜ್ಜೆ ಸಣ್ಣದು ಮಾಡಿಕೊಂಡ, ಸೊಂಟ ಇಳಿಸಿದ, ಒಂದು ಕೈ ಮೇಲೆತ್ತಿದ. ಶೂಟರ್ ಹೊಡೆಯುವ ಹಾಗೆ ಮಾಡಿ ಮೋಸ ಮಾಡಿದ. ಇವನ ಕಾಲು ನೆಲ ಬಿಡಲಿಲ್ಲ, ಅವನ ಜೊತೆಗೇ ಜಾರಿ ಬೇಸ್‌ಲೈನ್ (ರಿಂಗಿನ ಹಿಂದಿನ ಗೆರೆ) ಕಡೆಯ ದಾರಿ ಮುಚ್ಚಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮ್ಯಾಚ್ ಮುಗಿದ ಮೇಲೆ, "ಅದನ್ನು ಯಾರಪ್ಪಾ ಹೇಳಿಕೊಟ್ಟಿದ್ದು?" ಅಂದೆ. "ಯಾರೂ ಇಲ್ಲ ಸರ್. ಫಸ್ಟ್ ಹಾಫಲ್ಲಿ ಅವ್ನು ಹಂಗೇ ಮಾಡಿ ನನ್ನ ದಾಟಿ ಹೋದ" ಅಂದ. ಅದೇ ಆಟದೊಳಗೆ ತಿದ್ದಿಕೊಂಡಿದ್ದಾನೆ! ಹೇಳಿಕೊಟ್ಟು ಬರಿಸುವುದಕ್ಕೆ ನನಗೆ ಆಗದ ವಿಷಯ ಅದು.

ಇನ್ನು ಶೂಟಿಂಗ್. ಐದು ಮ್ಯಾಚಿನಲ್ಲಿ ಅವನು ದೂರದಿಂದ ಹೊಡೆದಿದ್ದೇ ಆರು ಸಲ, ಅದರಿಂದ ಏನೂ ಗೊತ್ತಾಗಲ್ಲ. ಫೌಲ್ ಆದಾಗ ಸಿಗುವ ಫ್ರೀ ಥ್ರೋ ನೋಡಿ, ಪ್ರತಿ ಸಲ ಒಂದೇ ದೂರ, ಯಾರ ಅಡ್ಡಿಯೂ ಇಲ್ಲ, ಕೈ ಹೇಗಿದೆ ಅಂತ ಅಲ್ಲಿ ಕಾಣುತ್ತದೆ. ಅಮೆರಿಕದ ದೊಡ್ಡ ಲೀಗ್ ಎನ್‌ಬಿಎಯ ಆಟಗಾರ ಕವೈ ಲೆನರ್ಡ್ ಕಾಲೇಜಿನ ಕೊನೆಯ ವರ್ಷ ದೂರದಿಂದ ಹೊಡೆಯುವ ಮೂರು ಪಾಯಿಂಟ್ ಶಾಟ್‌ಗಳಲ್ಲಿ ಶೇ 30ನ್ನೂ ಮುಟ್ಟಿರಲಿಲ್ಲ, ಫ್ರೀ ಥ್ರೋ ಮಾತ್ರ ಶೇ 76ರ ಹತ್ತಿರ ಇತ್ತು. 2011ರ ಡ್ರಾಫ್ಟ್‌ನಲ್ಲಿ (ಎನ್‌ಬಿಎ ತಂಡಗಳು ಸರದಿಯಲ್ಲಿ ಹೊಸಬರನ್ನು ಆರಿಸಿಕೊಳ್ಳುವುದು) 15ನೆಯವನಾಗಿ ಆಯ್ಕೆಯಾಗಿ ಸ್ಯಾನ್ ಆಂಟೋನಿಯೊ ತಂಡ ಸೇರಿದ, ಅಲ್ಲಿ ಶಾಟ್ ತಿದ್ದಿದರು, ಮೊದಲ ವರ್ಷವೇ ಮೂರು ಪಾಯಿಂಟ್ ಶಾಟ್‌ಗಳಲ್ಲಿ ಶೇ 37 ದಾಟಿದ. ನಮ್ಮ ಹುಡುಗನನ್ನು ಚೆನ್ನಾಗಿ ಓಡಿಸಿ, ಏದುಸಿರು ಬಿಡುವಾಗ 50 ಫ್ರೀ ಥ್ರೋ ಹಾಕಿಸಿದೆ. ಬಿದ್ದಿದ್ದು 29. ಕಡಿಮೆಯೇ. ಆದರೆ ತಪ್ಪಿದ್ದೆಲ್ಲ ಹೆಚ್ಚುಕಡಿಮೆ ರಿಂಗಿನ ಮುಂದಕ್ಕೇ ತಾಗಿದವು, ಎಡಬಲ ಹೋಗಿದ್ದು ಮೂರೋ ನಾಲ್ಕೋ. ಕೈ ನೇರ ಇದೆ, ಕಾಲಲ್ಲಿ ಕಸುವಿಲ್ಲದೆ ಚೆಂಡು ಸ್ವಲ್ಪ ಮುಂಚೆಯೇ ಬೀಳುತ್ತಿದೆ, ಅಷ್ಟೇ.

ಆಗಸ್ಟ್‌ನಲ್ಲಿ ಅಪ್ಪನನ್ನು ಕೂರಿಸಿ ಮಾತಾಡಿದೆ. ಎನ್‌ಬಿಎ ಮಾತೇ ಬೇಡ ಅಂದೆ. 2015ರಲ್ಲಿ ಡಲ್ಲಾಸ್ ತಂಡ ಆಯ್ಕೆ ಮಾಡಿದ ಸತ್ನಾಮ್ ಸಿಂಗ್ 7 ಅಡಿ 2 ಇಂಚು, ಅವರಿಗೇ ಎನ್‌ಬಿಎಯಲ್ಲಿ ಒಂದು ಲೀಗ್ ಮ್ಯಾಚ್ ಆಡಲು ಸಿಗಲಿಲ್ಲ. ನಮ್ಮಲ್ಲಿ ಆಟದಿಂದ ಅನ್ನ ಅಂದರೆ ರೈಲ್ವೆ, ಸೇನೆ, ಬ್ಯಾಂಕ್ ಟೀಮುಗಳ ಸ್ಪೋರ್ಟ್ಸ್ ಕೋಟಾ ಕೆಲಸ. ಅಲ್ಲಿಗೆ ಇವನು ಹೋಗಬಲ್ಲ, ಎರಡು ವರ್ಷದಲ್ಲಿ ಎಡಗೈ ಮತ್ತು ಡ್ರಿಬಲ್ ಬಂದರೆ. ಓದು ಬಿಡಿಸಬೇಡಿ, ಆ ಕೆಲಸಕ್ಕೂ ಓದು ಕೇಳುತ್ತಾರೆ ಅಂದೆ. "ಕಾಲೇಜಲ್ಲಿ ರಿಂಗ್ ಬಿಟ್ಟು ಹೊರಗೆ ಆಡೋಕೆ ಬಿಡಲ್ಲ ಸರ್" ಅಂದರು. ಸರಿ, ಮ್ಯಾಚಿನಲ್ಲಿ ಅವರು ಹೇಳಿದ ಕಡೆ ನಿಲ್ಲಲಿ, ವಾರಕ್ಕೆ ಎರಡು ಬೆಳಿಗ್ಗೆ ನನ್ನ ಹತ್ತಿರ ಕಳಿಸಿ ಅಂದೆ.

ಈಗ ಬರುತ್ತಿದ್ದಾನೆ. ಹೋದ ವಾರ ಅದೇ ಓಟ, ಅದೇ 50 ಫ್ರೀ ಥ್ರೋ, 36 ಬಿದ್ದವು. ಎಡಗೈ ಲೇಅಪ್ (ರಿಂಗಿನ ಹತ್ತಿರ ಓಡಿ ಬಂದು ಹಾಕುವ ಶಾಟ್) ಇನ್ನೂ ಬೋರ್ಡಿಗೆ ಜೋರಾಗಿ ಬಡಿದು ಆಚೆ ಹೋಗುತ್ತಿದೆ. ಡಿಸೆಂಬರ್‌ನಲ್ಲಿ ಮತ್ತೆ ಐದು ಮ್ಯಾಚ್ ನೋಡುತ್ತೇನೆ, ಆ 7 ಎಷ್ಟಾಗಿದೆ ಅಂತ.