ಕ್ಯಾಲಿಫೋರ್ನಿಯಾದಲ್ಲಿ ರಸ್ತೆ ದಾಟುವುದು: ಬಿಳಿ ಗೊಂಬೆಯನ್ನೇ ನಂಬಿ ಇಳಿಯಬೇಡಿ

ಊರಿಂದ ಅಪ್ಪ ಅಮ್ಮ ಬಂದ ಮೊದಲ ವಾರ ಟಿವಿ ರಿಮೋಟ್ ಹೇಳಿಕೊಡುತ್ತೇವೆ, ಡಿಶ್‌ವಾಷರ್ ಹೇಳಿಕೊಡುತ್ತೇವೆ. ರಸ್ತೆ ದಾಟುವುದನ್ನು ಮಾತ್ರ ಹೇಳಿಕೊಡುವುದಿಲ್ಲ. ಹುಟ್ಟಿದಾಗಿನಿಂದ ದಾಟುತ್ತಿದ್ದಾರೆ, ಅದರಲ್ಲೇನು ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಒಂದು ಸಂಜೆ ಅಪ್ಪ ಮನೆ ಹತ್ತಿರದ ಸಿಗ್ನಲ್‌ನಲ್ಲಿ ಸುಮ್ನೆ ನಿಂತೇ ಇದ್ದರು. ಕಾರುಗಳಿಗೆ ಮೂರು ಸಲ ಹಸಿರು ಬಂದು ಹೋಯಿತು, ನಡೆಯುವವರು ಹೋಗಬಹುದು ಅಂತ ಸಿಗ್ನಲ್‌ನಲ್ಲಿ ತೋರಿಸುವ ಬಿಳಿ ಗೊಂಬೆ ಮಾತ್ರ ಇವರಿಗೆ ಬರಲೇ ಇಲ್ಲ. ಬಟನ್ ಒತ್ತಿದ್ದರು, ಆದರೆ ಅದು ಪಕ್ಕದ ರಸ್ತೆಯದ್ದು. ಇಲ್ಲಿ ಎಷ್ಟೋ ಕಡೆ ಬಟನ್ ಒತ್ತದಿದ್ದರೆ ನಡೆಯುವವರ ಸರದಿ ಬರುವುದೇ ಇಲ್ಲ. ಒಂದೊಂದು ಮೂಲೆಯಲ್ಲೂ ಸಾಮಾನ್ಯವಾಗಿ ಎರಡು ಬಟನ್ ಇರುತ್ತವೆ. ನೀವು ಹೋಗಬೇಕಾದ ಕಡೆಗೆ ಬಾಣ ತೋರಿಸುವುದನ್ನು ಒತ್ತಿ. ಒಂದೇ ಸಲ ಸಾಕು, ಕುಟ್ಟುತ್ತಾ ನಿಲ್ಲಬೇಕಿಲ್ಲ.

ಬಿಳಿ ಗೊಂಬೆ ಬಂದರೆ ಹೊರಡಿ. ಕಿತ್ತಳೆ ಬಣ್ಣದ ಕೈ ಮಿನುಗುತ್ತಾ ಅಂಕಿ ಇಳಿಯುತ್ತಿದ್ದರೆ? 2018ರಿಂದ ಈ ರಾಜ್ಯದಲ್ಲಿ, ಉಳಿದ ಸೆಕೆಂಡುಗಳಲ್ಲಿ ಆಚೆ ಮುಟ್ಟುವಂತಿದ್ದರೆ ಆಗಲೂ ಹೊರಡಬಹುದು. ಮಂಡಿನೋವಿನವರು ಮುಂದಿನ ಸರದಿಗೆ ಕಾಯುವುದೇ ವಾಸಿ.

ಆದರೆ ಗೊಂಬೆ ಬಂತು ಅಂದರೆ ಕಾರು ಬರುವುದಿಲ್ಲ ಅಂತಲ್ಲ. ಇಲ್ಲಿ ಕೆಂಪು ಇದ್ದಾಗಲೂ, ಬೋರ್ಡ್ ಹಾಕಿ ತಡೆಯದ ಕಡೆ, ಪೂರ್ತಿ ನಿಂತು ಬಲಕ್ಕೆ ತಿರುಗಬಹುದು. ಗಾಡಿಗಳು ಬಲಗಡೆ ಓಡುವ ದೇಶ. ಹಾಗಾಗಿ ತಿರುಗಲು ಕಾಯುವ ಡ್ರೈವರ್ ಎಡಗಡೆಯಿಂದ ಕಾರು ಬರುತ್ತಿದೆಯಾ ಅಂತಲೇ ನೋಡುತ್ತಿರುತ್ತಾನೆ. ನೀವು ಅವನ ಬಲಗಡೆಯ ಮೂಲೆಯಿಂದ ಇಳಿಯುತ್ತೀರಿ. ದಾರಿ ಬಿಡಬೇಕಾದವನು ಅವನೇ, ನಿಜ. ಆದರೆ ನೀವಿದ್ದೀರಿ ಅಂತಲೇ ಅವನಿಗೆ ಗೊತ್ತಿಲ್ಲ! ಅಮ್ಮನಿಗೆ ನಾನು ಹೇಳಿಕೊಟ್ಟಿದ್ದು ಇಷ್ಟೇ: ಕಾರನ್ನು ನೋಡಬೇಡ, ಡ್ರೈವರ್ ಮುಖ ನೋಡು. ಆ ಮುಖ ನಿನ್ನ ಕಡೆ ತಿರುಗುವವರೆಗೂ ಕಾಲು ಕೆಳಗಿಡಬೇಡ.

ಸಿಗ್ನಲ್ ಇಲ್ಲದ ಮೂಲೆಗಳದ್ದು ಬೇರೆ ಕಥೆ. ಬಿಳಿ ಪಟ್ಟೆ ಬಳಿಯದಿದ್ದರೂ, ರಸ್ತೆಗಳು ಕೂಡುವಲ್ಲಿ ಫುಟ್‌ಪಾತ್‌ನ ನೇರಕ್ಕೆ ಕಾನೂನಿನ ಲೆಕ್ಕದಲ್ಲಿ ಕ್ರಾಸ್‌ವಾಕ್, ಅಂದರೆ ನಡೆದು ದಾಟುವ ಜಾಗ, ಇದ್ದೇ ಇರುತ್ತದೆ. ಅಲ್ಲೂ ಕಾರು ದಾರಿ ಬಿಡಬೇಕು. ಹಾಗಂತ ಹತ್ತಿರ ಬಂದುಬಿಟ್ಟ ಕಾರಿನ ಮುಂದೆ ದಿಢೀರನೆ ಇಳಿಯುವಂತಿಲ್ಲ. ಎರಡು ಮೂರು ಲೇನ್ ಇರುವ ಕಡೆ ಜಾಸ್ತಿ ಹುಷಾರಾಗಿರಿ. ಮೊದಲ ಲೇನಿನವನು ಮರ್ಯಾದೆಯಿಂದ ನಿಂತ ಅಂತ ನಗುತ್ತಾ ಮುಂದೆ ಹೋಗುತ್ತೀರಿ; ಅವನ ಗಾಡಿಯ ಮರೆಯಿಂದಾಗಿ ಪಕ್ಕದ ಲೇನಿನವನಿಗೆ ನೀವು ಕಾಣುವುದೇ ಇಲ್ಲ. ನಿಂತ ಕಾರನ್ನು ಹಿಂದೆ ಹಾಕುವುದು ತಪ್ಪೇ, ಆದರೂ ಒಬ್ಬನಲ್ಲ ಒಬ್ಬ ಹಾಕುತ್ತಾನೆ. ನಿಂತ ಆ ಕಾರಿನ ಅಂಚಿಗೆ ಬಂದಾಗ ನೀವೂ ನಿಂತು ಪಕ್ಕದ ಲೇನನ್ನು ಇಣುಕಿ ನೋಡಿ.

ಕಾರು ಇರುವವರಿಗೂ ಒಂದು ಮಾತು. ಕ್ರಾಸ್‌ವಾಕ್‌ಗೆ ಕಾರು ಬರುವ ಕಡೆಯಿಂದ 20 ಅಡಿಯೊಳಗೆ ಪಾರ್ಕ್ ಮಾಡುವಂತಿಲ್ಲ, ಫುಟ್‌ಪಾತ್ ಅಂಚಿಗೆ ಪಾರ್ಕಿಂಗ್ ಬೇಡ ಅನ್ನುವ ಕೆಂಪು ಬಣ್ಣ ಇಲ್ಲದಿದ್ದರೂ. ಇದೂ ದಾಟುವವರು ಗಾಡಿಯ ಹಿಂದೆ ಮರೆಯಾಗಬಾರದು ಅಂತಲೇ ಮಾಡಿದ ನಿಯಮ. ಸ್ವಲ್ಪ ಕಾಲ ಬರೀ ಎಚ್ಚರಿಕೆ ಚೀಟಿ ಇತ್ತು, 2025ರಿಂದ ದಂಡ.

ಇನ್ನು ಜೇವಾಕಿಂಗ್. ಕ್ರಾಸ್‌ವಾಕ್ ಬಿಟ್ಟು ನಡುರಸ್ತೆಯಲ್ಲಿ ದಾಟಿದರೆ ಮೊದಲೆಲ್ಲ ಪೊಲೀಸರು ಟಿಕೆಟ್ ಕೊಡುತ್ತಿದ್ದರು. 2023ರ ಜನವರಿಯಿಂದ, ಆ ಕ್ಷಣಕ್ಕೆ ಡಿಕ್ಕಿಯಾಗುವ ಅಪಾಯ ಇದ್ದರೆ ಮಾತ್ರ. ಅಪ್ಪನಿಗೆ ಈ ವಿಷಯ ನಾನಿನ್ನೂ ಹೇಳಿಲ್ಲ.