ಒಸಿ ಬೇಕಿದ್ದರೆ ಪಾಯ ತೋಡುವ ಮೊದಲೇ ಟೇಪು ಹಿಡಿಯಿರಿ

ಮನೆ ಮುಗಿದಿದೆ. ಬಣ್ಣವೂ ಆಗಿದೆ, ಗೃಹಪ್ರವೇಶಕ್ಕೆ ದಿನ ನೋಡಿದ್ದಾರೆ. ಆದರೆ ಪರ್ಮನೆಂಟ್ ಮೀಟರ್ ಬಂದಿಲ್ಲ. ಕಟ್ಟುವಾಗ ತೆಗೆದುಕೊಂಡ ಟೆಂಪರರಿ ಕನೆಕ್ಷನ್ನಿನಲ್ಲೇ ಫ್ಯಾನ್ ತಿರುಗುತ್ತಿದೆ, ಬಿಲ್ಲು ಜಾಸ್ತಿ ಬರುತ್ತಿದೆ. 2025ರಲ್ಲಿ ಬೆಂಗಳೂರಿನ ಎಷ್ಟೋ ಹೊಸ ಮನೆಗಳ ಪರಿಸ್ಥಿತಿ ಇದೇ ಆಗಿತ್ತು.

ಕಾರಣ ಸುಪ್ರೀಂ ಕೋರ್ಟಿನ ಒಂದು ತೀರ್ಪು. ಮೀರತ್‌ನ ಅಕ್ರಮ ಕಟ್ಟಡವೊಂದರ ಪ್ರಕರಣದಲ್ಲಿ 2024ರ ಡಿಸೆಂಬರ್ 17ರಂದು ಬಂದದ್ದು, ಅನ್ವಯ ಇಡೀ ದೇಶಕ್ಕೆ. ಮನೆ ನಕ್ಷೆಯಂತೆಯೇ ಆಗಿದೆ, ವಾಸ ಮಾಡಬಹುದು ಅಂತ ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ಒಸಿ, ತೋರಿಸಿದ ಮೇಲೆಯೇ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬೇಕು. ಕಟ್ಟಡದ ಮೇಲೆ ಸಾಲ ಕೊಡುವ ಬ್ಯಾಂಕೂ ಒಸಿ ನೋಡಬೇಕು. ಕೆಲಸ ನಡೆಯುವಷ್ಟು ದಿನವೂ ಮಂಜೂರಾದ ನಕ್ಷೆ ಸೈಟಿನಲ್ಲಿ ಎದ್ದು ಕಾಣುವಂತೆ ಇರಬೇಕು. ಮೊದಲು ಒಸಿ ಇಲ್ಲದೆಯೇ ಲಕ್ಷಾಂತರ ಮನೆಗಳಿಗೆ ಮೀಟರ್ ಬಂದಿತ್ತು. ಹಾಗಾಗಿ ಅದು ಬೇಕೇ ಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ.

ಆಮೇಲೆ 2025ರಲ್ಲೇ ರಾಜ್ಯ ಸರ್ಕಾರ ಸ್ವಲ್ಪ ಸಡಿಲ ಮಾಡಿತು. 1200 ಚದರ ಅಡಿವರೆಗಿನ ನಿವೇಶನದಲ್ಲಿ ನೆಲ ಮತ್ತು ಎರಡು ಮಹಡಿ, ಅಥವಾ ಸ್ಟಿಲ್ಟ್ (ಕೆಳಗೆ ಕಂಬಗಳ ಮೇಲೆ ಪಾರ್ಕಿಂಗಿಗೆ ಬಿಟ್ಟ ಜಾಗ) ಮತ್ತು ಮೂರು ಮಹಡಿಯ ವಾಸದ ಮನೆಗೆ ಒಸಿ ವಿನಾಯಿತಿ ಕೊಟ್ಟಿತು. ಇದನ್ನು ಕೇಳಿದ ತಕ್ಷಣ ‘ನಮ್ಮದು ತರ್ಟಿ ಫಾರ್ಟಿ, ನಮಗೆ ಏನೂ ಬೇಡ’ ಅಂದುಕೊಂಡವರು ಬಹಳ ಜನ. ವಿನಾಯಿತಿ ಸಿಕ್ಕಿರುವುದು ಒಸಿಗೆ ಮಾತ್ರ, ನಕ್ಷೆಗೆ ಅಲ್ಲ. ಇನ್ನೊಂದು, ಕ್ರಯಪತ್ರ ತೆಗೆದು ಅಳತೆ ಓದಿ. ಬಾಯಲ್ಲಿ ತರ್ಟಿ ಫಾರ್ಟಿ ಅನ್ನುವ ಸೈಟು ಪತ್ರದಲ್ಲಿ 30x43 ಇರುತ್ತದೆ. ಅಂದರೆ 1290 ಚದರ ಅಡಿ, ವಿನಾಯಿತಿಯ ಹೊರಗೆ. ನನ್ನನ್ನು ಕೇಳಿದರೆ, ವಿನಾಯಿತಿ ಇದ್ದವರೂ ಒಸಿ ಸಿಗುವ ಹಾಗೆಯೇ ಕಟ್ಟಿ. ನಾಳೆ ಮಾರುವಾಗ, ಸಾಲ ತೆಗೆಯುವಾಗ ಎದುರಿನವರು ಕೇಳುವುದು ಅದನ್ನೇ.

ಒಸಿ ತಪ್ಪಿತು ಅಂತ ಗೊತ್ತಾಗುವುದು ಕೊನೆಯಲ್ಲಿ. ತಪ್ಪು ಆಗಿರುವುದು ಮಾತ್ರ ಬಹುತೇಕ ಪಾಯಕ್ಕೆ ಸುಣ್ಣದ ಗೆರೆ ಎಳೆದ ದಿನ.

ಮೊದಲು ಕಾಗದ

ಎ ಖಾತಾ (ಆಸ್ತಿ ಸಕ್ರಮ ಅಂತ ತೋರಿಸುವ ಪಾಲಿಕೆಯ ದಾಖಲೆ), ಕ್ರಯಪತ್ರ, ತೆರಿಗೆ ರಸೀದಿ ಸರಿ ಇದ್ದರೆ ನೋಂದಾಯಿತ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಮೂಲಕ ಆನ್‌ಲೈನಿನಲ್ಲಿ ನಕ್ಷೆಗೆ ಅರ್ಜಿ ಹಾಕಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ, ಅದರ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದಿವೆ, ನಿಮ್ಮ ಬೀದಿ ಯಾವುದಕ್ಕೆ ಬರುತ್ತದೆ ನೋಡಿಕೊಳ್ಳಿ. ನಕ್ಷೆಯ ಅವಧಿ ಎರಡು ವರ್ಷ. ವಾಸ್ತು ನೋಡಿಸುವವರಿದ್ದರೆ ಅರ್ಜಿಗೆ ಮುಂಚೆಯೇ ನೋಡಿಸಿ ಮುಗಿಸಿ. ಮಂಜೂರಾದ ಮೇಲೆ ಮೆಟ್ಟಿಲನ್ನು ಆ ಕಡೆಯಿಂದ ಈ ಕಡೆಗೆ ತಂದರೆ ಅದೂ ನಕ್ಷೆ ಉಲ್ಲಂಘನೆಯೇ.

ಒಂದು ಎಚ್ಚರಿಕೆ. ‘ಪ್ಲಾನ್ ಒಂದು ಮಾಡಿಸೋಣ, ಕಟ್ಟೋದು ನಮ್ಮ ಇಷ್ಟದ ಹಾಗೆ, ಆಮೇಲೆ ದಂಡ ಕಟ್ಟಿದರಾಯ್ತು’ ಅನ್ನುವವರನ್ನು ಹತ್ತಿರ ಸೇರಿಸಬೇಡಿ. ಅವರ ಮನಸ್ಸಿನಲ್ಲಿರುವುದು ಅಕ್ರಮ-ಸಕ್ರಮ, ಅಂದರೆ ನಿಯಮ ಮೀರಿದ ಕಟ್ಟಡವನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಸರ್ಕಾರದ ಯೋಜನೆ. ಅದಕ್ಕೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತ್ತು.

ಮಾರ್ಕಿಂಗ್: ಇಡೀ ದಿನ ಇದಕ್ಕೇ ಇಡಿ

ಸಾಮಾನ್ಯವಾಗಿ ನಡೆಯುವುದು ಹೀಗೆ. ಬೆಳಿಗ್ಗೆ ಗುದ್ದಲಿ ಪೂಜೆ. ಹತ್ತು ಗಂಟೆಗೆ ಜೆಸಿಬಿ ಬಂದು ನಿಂತಿರುತ್ತದೆ, ಅದರ ಬಾಡಿಗೆ ಗಂಟೆ ಲೆಕ್ಕ. ಮೇಸ್ತ್ರಿ ಪಕ್ಕದ ಮನೆಯ ಕಾಂಪೌಂಡಿನಿಂದ ಟೇಪು ಎಳೆದು, ನಾಲ್ಕು ಗೂಟ ಹೊಡೆದು, ದಾರ ಕಟ್ಟಿ, ಸುಣ್ಣ ಹಾಕಿ ಅರ್ಧ ಗಂಟೆಯಲ್ಲಿ ಮುಗಿಸುತ್ತಾನೆ. ಆ ಅರ್ಧ ಗಂಟೆಯಲ್ಲಿ ಹೋದದ್ದು ಮತ್ತೆ ಬರುವುದಿಲ್ಲ.

ಮಾರ್ಕಿಂಗ್ ಒಂದು ದಿನ, ಜೆಸಿಬಿ ಮರುದಿನ. ಇದರಲ್ಲಿ ರಾಜಿ ಬೇಡ. ಮಾರ್ಕಿಂಗ್ ದಿನ ಎಂಜಿನಿಯರ್ ಸ್ವತಃ ಸೈಟಿನಲ್ಲಿ ಇರಬೇಕು, ಸಹಾಯಕನನ್ನು ಕಳಿಸಿದರೆ ಒಪ್ಪಬೇಡಿ. ಮೂವತ್ತು ಮೀಟರಿನ ಉಕ್ಕಿನ ಟೇಪು ನೀವೇ ಕೊಂಡುಕೊಳ್ಳಿ. ಮೇಸ್ತ್ರಿಗಳ ಬಳಿ ಇರುವ ಹಳೇ ಬಟ್ಟೆ ಟೇಪು ಎಳೆದರೆ ಹಿಗ್ಗುತ್ತದೆ, ತುದಿ ಕಿತ್ತು ಗಂಟು ಹಾಕಿರುತ್ತದೆ, ಅದರಲ್ಲಿ ಅಳೆಯುವುದಕ್ಕಿಂತ ಅಳೆಯದಿರುವುದೇ ಮೇಲು.

ಮೊದಲು ಸೈಟನ್ನೇ ಅಳೆಯಿರಿ. ನಾಲ್ಕೂ ಬದಿ, ಆಮೇಲೆ ಎರಡೂ ಕರ್ಣ. ಮೂವತ್ತು-ನಲವತ್ತರ ಸೈಟಿಗೆ ಒಂದು ಅನುಕೂಲ ಇದೆ. ಮೂಲೆಯಿಂದ ಮೂಲೆಗೆ ಸರಿಯಾಗಿ 50 ಅಡಿ ಬರಬೇಕು, ಎರಡೂ ಕಡೆ. ಒಂದು 50, ಇನ್ನೊಂದು ನಲವತ್ತೊಂಬತ್ತೂವರೆ ಬಂದರೆ ಸೈಟು ಸೊಟ್ಟ ಇದೆ ಅಂತ ಅರ್ಥ. ಆ ಸೊಟ್ಟದ ಒಳಗೆ ನೇರ ಮನೆ ಕೂರಿಸಿದರೆ ಒಂದು ಮೂಲೆಯಲ್ಲಿ ಸೆಟ್‌ಬ್ಯಾಕ್, ಅಂದರೆ ಗೋಡೆಗೂ ಸೈಟಿನ ಗಡಿಗೂ ನಡುವೆ ಬಿಡಬೇಕಾದ ಖಾಲಿ ಜಾಗ, ಕಡಿಮೆ ಆಗಿಯೇ ಆಗುತ್ತದೆ.

ಈಗ ಅತೀ ಹೆಚ್ಚು ಜನ ಎಡವುವ ಜಾಗ. ನಕ್ಷೆ ತಯಾರಾಗುವುದು ಪತ್ರದ ಅಳತೆಯ ಮೇಲೆ, 9.14 ಮೀಟರ್ ಅಗಲ, 12.19 ಉದ್ದ ಅಂತ. ಸೈಟಿನಲ್ಲಿ ನಿಜವಾಗಿ ಇರುವುದು 29 ಅಡಿ 8 ಇಂಚು. ಎರಡೂ ಪಕ್ಕದವರ ಕಾಂಪೌಂಡು ಎರಡೆರಡಿಂಚು ಒಳಗೆ ಬಂದಿರುತ್ತದೆ, ಇಲ್ಲವೇ ಲೇಔಟ್ ಮಾಡಿದವರೇ ಕಲ್ಲು ತಪ್ಪು ನೆಟ್ಟಿರುತ್ತಾರೆ. ಮೇಸ್ತ್ರಿ ನಕ್ಷೆಯಲ್ಲಿರುವ ಮನೆಯ ಅಗಲವನ್ನು ಒಂದಿಂಚೂ ಬಿಡದೆ ಇಡುತ್ತಾನೆ. ಕಡಿಮೆ ಬಿದ್ದ ನಾಲ್ಕು ಇಂಚನ್ನು ಸೆಟ್‌ಬ್ಯಾಕಿನಿಂದ ತೆಗೆಯುತ್ತಾನೆ. ಕೇಳಿದರೆ ‘ನಾಲ್ಕಿಂಚು ತಾನೆ ಸಾರ್, ಯಾರು ನೋಡ್ತಾರೆ’ ಅನ್ನುತ್ತಾನೆ.

ಲೆಕ್ಕ ಹಾಕೋಣ. 2003ರ ಪಾಲಿಕೆ ಕಟ್ಟಡ ಬೈಲಾ ದಂಡ ಕಟ್ಟಿಸಿಕೊಂಡು ಒಪ್ಪಲು ಇಟ್ಟ ಮಿತಿ ಶೇ 5. ನಿಮ್ಮ ನಕ್ಷೆಯಲ್ಲಿ ಪಕ್ಕದ ಸೆಟ್‌ಬ್ಯಾಕ್ ಒಂದು ಮೀಟರ್ ಇದ್ದರೆ ಅದರ ಶೇ 5 ಅಂದರೆ ಐದು ಸೆಂಟಿಮೀಟರ್. ಹೆಚ್ಚುಕಡಿಮೆ ಎರಡು ಇಂಚು! ನಾಲ್ಕಿಂಚು ಹೋದರೆ ಶೇ 10. ಮಿತಿ ಏರುತ್ತದೆ ಅನ್ನುವ ಮಾತು ಆಗಾಗ ಬರುತ್ತಿರುತ್ತದೆ, ಅದನ್ನು ನಂಬಿ ಗೂಟ ಹೊಡೆಯಬೇಡಿ. ಸೈಟು ಕಡಿಮೆ ಬಂದರೆ ಮನೆಯನ್ನು ಚಿಕ್ಕದು ಮಾಡಿ, ನಕ್ಷೆ ತಿದ್ದಿಸಿ. ರೂಮು ನಾಲ್ಕಿಂಚು ಚಿಕ್ಕದಾದರೆ ಮಂಚ ಹಿಡಿಯುತ್ತದೆ. ಸೆಟ್‌ಬ್ಯಾಕ್ ನಾಲ್ಕಿಂಚು ಚಿಕ್ಕದಾದರೆ ಒಸಿ ನಿಲ್ಲುತ್ತದೆ.

ಆ ಎರಡಿಂಚಿನಲ್ಲೂ ಪಾಲುದಾರರು ಇದ್ದಾರೆ. ಸೆಟ್‌ಬ್ಯಾಕ್ ಅಳೆಯುವುದು ಮುಗಿದ ಗೋಡೆಯ ಹೊರಮುಖದಿಂದ. ಮೇಸ್ತ್ರಿ ಗುರುತು ಹಾಕುವುದು ಕಾಲಂನ ಸೆಂಟರ್ ಲೈನಿಗೆ. ಇವೆರಡರ ನಡುವೆ ಅರ್ಧ ಕಾಲಂ ಇದೆ, ಹೊರಗಿನ ಪ್ಲಾಸ್ಟರ್ ಇದೆ, ಅದು ಸುಮಾರು ಮುಕ್ಕಾಲು ಇಂಚು. ಎಲಿವೇಶನ್‌ಗೆ ಕಲ್ಲಿನ ಕ್ಲಾಡಿಂಗ್ ಹಚ್ಚುತ್ತೀರಾದರೆ ಅಂಟಿನ ಸಮೇತ ಇನ್ನೊಂದು ಇಂಚಿಗೂ ಜಾಸ್ತಿ. 9x12ರ ಕಾಲಂ ಅನ್ನು ಅಡ್ಡಲಾಗಿ ತಿರುಗಿಸಿ ನಿಲ್ಲಿಸಿದರೆ ಹೊರಗಡೆ ಒಂದೂವರೆ ಇಂಚು ಹೋಯಿತು. ಅದಕ್ಕೇ ಎಂಜಿನಿಯರ್ ಹತ್ತಿರ ಸೆಂಟರ್ ಲೈನಿನ ಡ್ರಾಯಿಂಗ್ ಬೇರೆಯೇ ಮಾಡಿಸಿ, ಪ್ಲಾಸ್ಟರ್ ಲೆಕ್ಕ ಸೇರಿಸಿಯೇ ಗೆರೆ ಹಾಕಿಸಿ. ಒಂದು ಇಂಚು ಜಾಸ್ತಿ ಬಿಟ್ಟರೂ ನಷ್ಟ ಇಲ್ಲ.

ಗೂಟಗಳನ್ನು ಅಗೆಯುವ ಜಾಗದಿಂದ ಹೊರಗೆ, ಸಿಮೆಂಟ್ ಹಾಕಿ ನಿಲ್ಲಿಸಿ. ಇಲ್ಲದಿದ್ದರೆ ಜೆಸಿಬಿಯ ಬಕೆಟ್ಟಿಗೆ ಮೊದಲು ಸಿಗುವುದು ಅವೇ. ಫುಟಿಂಗ್ ಹಾಕಿ, ಕಾಲಂ ಎಬ್ಬಿಸುವ ಮೊದಲು ಮತ್ತೊಮ್ಮೆ ಪೂರ್ತಿ ಅಳೆಯಿರಿ. ಟೇಪಿನ ಅಂಕಿ ಕಾಣುವ ಹಾಗೆ ನಾಲ್ಕೂ ಕಡೆ ಫೋಟೊ ತೆಗೆದಿಟ್ಟುಕೊಳ್ಳಿ.

ಪ್ಲಿಂತಿಗೆ ಬಂದಾಗ ನಿಲ್ಲಿಸಿ

ಕೆಲಸ ಪ್ಲಿಂತ್ ಮಟ್ಟಕ್ಕೆ, ಅಂದರೆ ಪಾಯ ಮುಗಿದು ಮನೆಯ ನೆಲದ ಮಟ್ಟಕ್ಕೆ, ಬಂದಾಗ ಪಾಲಿಕೆಗೆ ತಿಳಿಸಿ ಪ್ರಾರಂಭಿಕ ಪ್ರಮಾಣಪತ್ರ, ಅಂದರೆ ಸಿಸಿ, ತೆಗೆದುಕೊಳ್ಳಬೇಕು. ಹೆಸರು ಪ್ರಾರಂಭಿಕ ಅಂತ ಇದ್ದರೂ ಸಿಗುವುದು ಪಾಯದ ಗೆರೆ ಸರಿ ಇದೆ ಅಂತ ನೋಡಿದ ಮೇಲೆ. ‘ಸುಮ್ನೆ ಟೈಮ್ ವೇಸ್ಟ್’ ಅಂತ ಇದನ್ನು ಹಾರಿಸಿ ಗೋಡೆ ಎಬ್ಬಿಸುವವರೇ ಜಾಸ್ತಿ. ಇಲ್ಲಿ ತಪ್ಪು ಸಿಕ್ಕರೆ ಒಂದು ಸಾಲು ಕಲ್ಲು ಕೀಳಬೇಕು, ಅಷ್ಟೇ. ಮೂರನೇ ಮಹಡಿ ಆದ ಮೇಲೆ ಸಿಕ್ಕರೆ ಯಾವುದನ್ನು ಕೀಳುತ್ತೀರಿ?

ಮೇಲೆ ಹೋಗುವಾಗ

ನಮ್ಮೂರಿನ ಮನೆಗಳು ಮೇಲೆ ಹೋಗುತ್ತಾ ಅಗಲವಾಗುತ್ತವೆ. ನೆಲಮಹಡಿಯಲ್ಲಿ ಬಿಟ್ಟ ಜಾಗವನ್ನು ಮೊದಲ ಮಹಡಿಯಲ್ಲಿ ಎರಡಡಿ ಹೊರಚಾಚಿ ರೂಮಿಗೆ ಸೇರಿಸುವುದು. ಇದನ್ನು ಮಾಡಲೇಬೇಡಿ. ನಕ್ಷೆಯಲ್ಲಿ ಇಲ್ಲದ ಮಹಡಿಯಂತೂ ಒಸಿಯ ಪ್ರಶ್ನೆಯೇ ಅಲ್ಲ, ಪ್ರಾಣದ ಪ್ರಶ್ನೆ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಸತ್ತವರು ಅಲ್ಲಿ ಕೂಲಿಗೆ ಬಂದವರು. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ 19 ಜನ ಹೋದರು. ಪಾಯವನ್ನು ಮೂರು ಮಹಡಿಗೆ ಲೆಕ್ಕ ಹಾಕಿದ್ದರೆ ಅದು ಮೂರನ್ನೇ ಹೊರುತ್ತದೆ.

ಸೆಂಟ್ರಿಂಗ್, ಅಂದರೆ ಕಾಂಕ್ರೀಟಿಗೆ ಕೊಟ್ಟ ಅಚ್ಚು ಮತ್ತು ಆಸರೆ, ಬಿಚ್ಚುವ ಅವಸರವೂ ಅಷ್ಟೇ ಅಪಾಯ. ಗುತ್ತಿಗೆದಾರನಿಗೆ ಶೀಟು, ಜಾಕು ಇನ್ನೊಂದು ಸೈಟಿಗೆ ಬೇಕಿರುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ನಾಲ್ಕೂವರೆ ಮೀಟರಿನೊಳಗಿನ ಸ್ಲ್ಯಾಬಿನ ಆಸರೆ ಕನಿಷ್ಠ 7 ದಿನ, ಅದಕ್ಕಿಂತ ಉದ್ದದ್ದಾದರೆ 14 ದಿನ ಇರಬೇಕು. ಆರು ಮೀಟರಿನವರೆಗಿನ ಬೀಮಿಗೆ 14, ಅದಕ್ಕೂ ಉದ್ದವಾದರೆ 21. ಇದು ಓಪಿಸಿ, ಅಂದರೆ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಲೆಕ್ಕ. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಹಾರುಬೂದಿ ಬೆರೆಸಿದ ಪಿಪಿಸಿ, ಅದು ಬಿಗಿಯಾಗುವುದು ನಿಧಾನ, ಇನ್ನೂ ಕೆಲವು ದಿನ ಬಿಡಿ. ಜಾಕ್ ಸಾಲದೆ ಸರ್ವೆ ಮರ ಕೊಡುತ್ತಾರೆ, ಕೆಳಗೆ ಇಟ್ಟಿಗೆ ಚೂರು ಪೇರಿಸಿ ಎತ್ತರ ಸರಿ ಮಾಡುತ್ತಾರೆ. ಅಂಥ ಒಂದು ಕಂಬ ಕಂಡರೂ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವುದನ್ನೇ ನಿಲ್ಲಿಸಿ. ಕಂಬಿಯ ಕೆಳಗೆ ಜಲ್ಲಿ ಚೂರು ಇಡಲು ಬಿಡಬೇಡಿ, ಕಂಬಿಯನ್ನು ಅಚ್ಚಿನಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ತರಿಸಿ, ಸ್ಲ್ಯಾಬಿಗೆ 20 ಮಿಲಿಮೀಟರ್, ಕಾಲಂಗೆ 40. ಸೈಟಿನಲ್ಲೇ ಉಳಿದ ಗಾರೆಯಿಂದ ಮಾಡುವ ಬ್ಲಾಕುಗಳು ಬೆರಳಲ್ಲಿ ಒತ್ತಿದರೆ ಪುಡಿ ಆಗುತ್ತವೆ, ಅವೂ ಬೇಡ.

ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಮನೆ ಕಟ್ಟಿಸುವವರು ಕೊಡಬೇಕಾದ ಸೆಸ್ ಬಗ್ಗೆಯೂ ನಿಯಮ ಬದಲಾಗಿದೆ. ಸ್ವಂತ ವಾಸದ ಮನೆಗೆ ಮೊದಲು ಕಟ್ಟುವ ವೆಚ್ಚ 10 ಲಕ್ಷದವರೆಗೆ ಇದ್ದರೆ ವಿನಾಯಿತಿ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಆ ಮಿತಿ 50 ಲಕ್ಷ. ಸೆಸ್ ತಪ್ಪಿತು ಅಂತ ಹೆಲ್ಮೆಟ್, ಬೆಲ್ಟು ತಪ್ಪಿಸಬೇಡಿ. ಹೊರಗೋಡೆ ಪ್ಲಾಸ್ಟರ್ ಮಾಡುವಾಗ ಸಾರುವೆಯ ಮೇಲೆ ಚಪ್ಪಲಿಯಲ್ಲಿ ನಿಂತವರಿಗೆ ಏನಾದರೂ ಆದರೆ ಅವರ ಮನೆಗೆ ಉತ್ತರ ಹೇಳಬೇಕಾದವರಲ್ಲಿ ನೀವೂ ಒಬ್ಬರು.

ಕೊನೆಯ ಅರ್ಜಿ

ಕೆಲಸ ಮುಗಿದ ತಿಂಗಳೊಳಗೆ ಎಂಜಿನಿಯರ್ ಸಹಿಯ ಪೂರ್ಣಗೊಂಡ ವರದಿ, ಫೋಟೊ, ಮಂಜೂರಾದ ನಕ್ಷೆ, ಸಿಸಿ ಸೇರಿಸಿ ಒಸಿಗೆ ಅರ್ಜಿ ಹಾಕಿ. ಮಳೆನೀರು ಸಂಗ್ರಹ ಮರೆಯಬೇಡಿ, ಬೆಂಗಳೂರಿನಲ್ಲಿ 30x40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗೆ ಅದು ಕಡ್ಡಾಯ. ತಪಾಸಣೆಗೆ ಬರುವ ಮುಂಚೆ ಸೆಟ್‌ಬ್ಯಾಕಿನಲ್ಲಿ ಉಳಿದ ಮರಳು, ಶೀಟಿನ ಶೆಡ್ಡು, ಬಟ್ಟೆ ಒಗೆಯಲು ಕಟ್ಟಿದ ಕಲ್ಲು ಎಲ್ಲ ತೆಗೆಸಿ. ಪಾರ್ಕಿಂಗ್ ಜಾಗದಲ್ಲಿ ರೂಮು, ಅಂಗಡಿ ಇರಕೂಡದು. ಎಂಜಿನಿಯರ್ ಜೊತೆಗಿರಲಿ, ಅದೇ ಉಕ್ಕಿನ ಟೇಪು ಕೈಯಲ್ಲಿರಲಿ, ಪಾಯದ ಫೋಟೊಗಳು ಮೊಬೈಲಿನಲ್ಲಿರಲಿ. ಗೃಹಪ್ರವೇಶದ ಕಾರ್ಡು ಒಸಿ ಕೈಗೆ ಬಂದ ಮೇಲೆಯೇ ಪ್ರಿಂಟಿಗೆ ಕೊಡಿ, ಮೀಟರಿನ ಅರ್ಜಿಯನ್ನು ಅದೇ ದಿನ ಹಾಕಿ.